‘ಯಾಹಿ ಮಾಧವ’ಕ್ಕೆ ಮುಂಚೆ ಹೇಳುವ ಆ ಒಂದು ಮಾತು

ಕವಿ ಜಯದೇವನ ಸಂಸ್ಕೃತ ಕಾವ್ಯ ‘ಗೀತಗೋವಿಂದ’ದ ಹಾಡುಗಳಿಗೆ, ಅಂದರೆ ಅಷ್ಟಪದಿಗಳಿಗೆ, ಮಾಡುವ ನೃತ್ಯ ನೋಡಲು ಹೋದವರಿಗೆ ಇದು ಗೊತ್ತಿರುತ್ತದೆ. ದೀಪ ಮಂಕಾಗುತ್ತದೆ. ನಿರೂಪಕಿ ಮೈಕ್ ಹತ್ತಿರ ಬಂದು ‘ಇಲ್ಲಿ ರಾಧೆ ಅಂದರೆ ಜೀವಾತ್ಮ, ಕೃಷ್ಣ ಅಂದರೆ ಪರಮಾತ್ಮ’ ಅನ್ನುತ್ತಾರೆ. ಆಮೇಲೆ ‘ಯಾಹಿ ಮಾಧವ’, ಅಂದರೆ ‘ಹೋಗು ಮಾಧವ’, ಶುರು. ಅದರಲ್ಲಿ ಇರುವುದೇನು? ರಾತ್ರಿಯೆಲ್ಲ ಇನ್ನೊಬ್ಬಳ ಜೊತೆ ಇದ್ದ ಕೃಷ್ಣ ಬೆಳಿಗ್ಗೆ ಬಂದು ನಿಂತಿದ್ದಾನೆ. ನಿದ್ದೆಗೆಟ್ಟು ಕಣ್ಣು ಕೆಂಪಾಗಿದೆ. ತುಟಿಗೆ ಕಾಡಿಗೆ ಮೆತ್ತಿದೆ. ‘ಹೋಗು, ಸುಳ್ಳು ಹೇಳಬೇಡ, ಅವಳ ಹತ್ತಿರವೇ ಹೋಗು’ ಅಂತ ರಾಧೆ ಅಟ್ಟುತ್ತಾಳೆ. ಜೀವಾತ್ಮ ಪರಮಾತ್ಮನಿಗೆ ಹೀಗೆಲ್ಲ ಬೈಯುತ್ತದಾ ಅಂತ ಪಕ್ಕದ ಸೀಟಿನವರು ಕೇಳಿದರೆ ಉತ್ತರ ಹೇಳುವುದು ಕಷ್ಟ, ಅಲ್ವಾ?

ಗೀತಗೋವಿಂದ ಭಕ್ತಿಯೋ ಶೃಂಗಾರವೋ ಎಂಬ ಜಗಳ ಈಗ ಎಷ್ಟು ಸಿಕ್ಕುಸಿಕ್ಕಾಗಿದೆ ಎಂದರೆ, ಹಾಡು ಯಾರಿಗಾಗಿ ಹುಟ್ಟಿತು ಎನ್ನುವುದೇ ಮರೆತುಹೋಗಿದೆ.

ಜಯದೇವ ಇದನ್ನು ಬರೆದದ್ದು 12ನೇ ಶತಮಾನದಲ್ಲಿ. 12 ಸರ್ಗ, 24 ಹಾಡು. ಹೆಚ್ಚಿನವಕ್ಕೆ ಎಂಟೆಂಟು ಚರಣ, ಅದಕ್ಕೇ ಅಷ್ಟಪದಿ. ಶುರುವಿನಲ್ಲೇ ಕವಿ ಹೇಳಿಬಿಡುತ್ತಾನೆ: ಹರಿಯನ್ನು ನೆನೆಯುವ ಮನಸ್ಸಿದ್ದರೆ, ವಿಲಾಸದ ಕಲೆಯಲ್ಲಿ ಕುತೂಹಲವಿದ್ದರೆ, ನನ್ನ ಮಾತು ಕೇಳು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಅವನಿಗೆ ಮುಜುಗರ ಇರಲಿಲ್ಲ.

ಪುರಿಯಲ್ಲಿ 1499ರ ಒಂದು ಶಾಸನ ಇದೆ. ಭೋಗದ, ಅಂದರೆ ನೈವೇದ್ಯದ, ಹೊತ್ತಿನಲ್ಲಿ ಜಗನ್ನಾಥನ ಮುಂದೆ ಗೀತಗೋವಿಂದ ಬಿಟ್ಟು ಬೇರೆ ಹಾಡು ಕೂಡದು ಎಂದು ಅಲ್ಲಿನ ಅರಸ ಪ್ರತಾಪರುದ್ರದೇವ ಕಟ್ಟು ಮಾಡಿದ. ಕೇರಳದಲ್ಲಿ ಗರ್ಭಗುಡಿಯ ಮೆಟ್ಟಿಲ ಪಕ್ಕ ಎಡಕ್ಕ ಎಂಬ ಚರ್ಮವಾದ್ಯ ನುಡಿಸುತ್ತಾ ಹಾಡಿದರು. ತಮಿಳುನಾಡಿನ ಭಜನೆ ಮನೆಗಳಲ್ಲಿ ಅದು ರಾಧಾಕಲ್ಯಾಣದ ಹಾಡಾಯಿತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಹೆಸರಿನ ‘ಗೀತಗೋಪಾಲ’ ಇದೇ ಅಚ್ಚಿನಲ್ಲಿ ಕನ್ನಡಕ್ಕೆ ಬಂತು. ರಾಗಗಳ ಹೆಸರು ಉಳಿದವು, ಜಯದೇವನ ಕಾಲದ ಧಾಟಿ ಉಳಿಯಲಿಲ್ಲ. ಇಷ್ಟೆಲ್ಲ ಕಡೆ ಹಾಡುವಾಗ ಯಾರಿಗೂ ಮೊದಲು ಅರ್ಥ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ದೇವರಿಗೆ ದೇವರ ಕಥೆಯನ್ನು ಯಾರು ವಿವರಿಸುತ್ತಾರೆ?

1792ರಲ್ಲಿ ಬ್ರಿಟಿಷ್ ವಿದ್ವಾಂಸ ವಿಲಿಯಂ ಜೋನ್ಸ್ ಇಂಗ್ಲಿಷಿಗೆ ತಂದಾಗ ಇದನ್ನು ಆತ್ಮ–ಪರಮಾತ್ಮರ ರೂಪಕ ಎಂದೇ ಪರಿಚಯಿಸಿದರು. ಯುರೋಪಿನ ಅಭಿರುಚಿಗೆ ಜಾಸ್ತಿಯಾಯಿತು ಅನ್ನಿಸಿದ ಸಾಲುಗಳನ್ನು ಬಿಟ್ಟರು. ರೂಪಕದ ಓದು ನಮ್ಮಲ್ಲೂ ಇತ್ತು, ನಿಜ. ಆದರೆ ರೂಪಕ ಮತ್ತು ಕತ್ತರಿ ಜೊತೆಜೊತೆಗೆ ಬಂದದ್ದು ಗಮನಿಸಬೇಕು. ಮುಂದೆ ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳ ದೇವದಾಸಿ ಸೇವೆ ನಿಲ್ಲಿಸಿತು. ಮದರಾಸಿನಲ್ಲಿ 1947ರಲ್ಲಿ ಕಾಯ್ದೆ ಬಂತು. ಆ ಪದ್ಧತಿಯ ಶೋಷಣೆ ನಿಲ್ಲಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಹಾಡುಗಳನ್ನು ಮೈಯಲ್ಲಿ ಇಟ್ಟುಕೊಂಡಿದ್ದ ಹೆಂಗಸರೂ ಹಿಂದೆ ಸರಿದರು. ನೃತ್ಯ ಕಲಿಯಲು ಬಂದ ಹೊಸ ಮನೆತನಗಳಿಗೆ ‘ಇದು ಮರ್ಯಾದಸ್ಥರ ಕಲೆ’ ಎಂಬ ಭರವಸೆ ಬೇಕಾಯಿತು.

ನನಗೆ ಹತ್ತಿರದ್ದು ಮೈಸೂರಿನ ಕಥೆ. ಜಟ್ಟಿ ತಾಯಮ್ಮ (1857–1947) ಪೈಲ್ವಾನರ ಮಗಳು, ಅರಮನೆಯ ವಿದುಷಿ. ಅವರ ಹತ್ತಿರ ಎಳೆವಯಸ್ಸಿನಲ್ಲೇ ಸೇರಿದವರು ಕಡೂರು ಕಡೆಯ ಲಂಬಾಣಿ ತಾಂಡಾದ ವೆಂಕಟಲಕ್ಷಮ್ಮ (1906–2002). ಈ ಪರಂಪರೆಯಲ್ಲಿ ಅಭಿನಯವೇ ಜೀವ. ಅಷ್ಟಪದಿ, ಅಮರುಶತಕದ ಶ್ಲೋಕ, ಪದ, ಜಾವಳಿ, ಹೆಚ್ಚಾಗಿ ಶೃಂಗಾರದ ರಚನೆಗಳೇ. ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ. ಪ್ರತಿಸಲವೂ ಬೇರೆ ಸಂಚಾರಿ, ಅಂದರೆ ಅದೇ ಸಾಲನ್ನು ಬೇರೆ ಭಾವದಲ್ಲಿ ಬಿಡಿಸಿ ತೋರಿಸುವುದು. ‘ಹೋಗು’ ಅನ್ನುವ ಒಂದು ಮಾತಿನಲ್ಲಿ ಸಿಟ್ಟು, ಅಳು, ವ್ಯಂಗ್ಯ, ‘ಹೋಗಬೇಡವೋ’ ಎಂಬ ಆಸೆ, ಎಲ್ಲ ಬರಬೇಕು. ಅರಮನೆಯ ಅಂಬಾವಿಲಾಸದಲ್ಲಿ ನೋಡುವವರು ಹತ್ತಿರ ಕೂತಿರುತ್ತಿದ್ದರು. ಹುಬ್ಬು ಕುಣಿದರೆ ಕಾಣುತ್ತಿತ್ತು. ಹಾಡಿನ ಅರ್ಥವೂ ಅನೇಕರಿಗೆ ಗೊತ್ತಿರುತ್ತಿತ್ತು.

ಇವತ್ತಿನ ಸಭಾಂಗಣದಲ್ಲಿ ಮೂವತ್ತನೇ ಸಾಲಿಗೆ ಹುಬ್ಬು ಕಾಣುವುದಿಲ್ಲ. ಹಾಗಾಗಿ ಗುಂಪು ನೃತ್ಯ ಬಂತು, ಬಣ್ಣದ ಬೆಳಕು ಬಂತು, ರೆಕಾರ್ಡ್ ಮಾಡಿದ ಸಂಗೀತ ಬಂತು. ರೆಕಾರ್ಡ್ ಹಾಕಿದ ಮೇಲೆ ಸಾಲನ್ನು ಮನಸ್ಸು ಬಂದಷ್ಟು ಸಲ ಎಳೆಯಲು ಆಗುವುದಿಲ್ಲ. ಎಂಟು ಚರಣ ಮೂರಾಯಿತು. ಸಂಚಾರಿ ಕಡಿಮೆಯಾಯಿತು. ಮುಖ ಹೇಳಬೇಕಾದ್ದನ್ನು ಮೈಕ್ ಹೇಳತೊಡಗಿತು. ನಿರೂಪಕಿಯ ಆ ಒಂದು ಮಾತು ಬರೀ ಸಂಕೋಚದಿಂದ ಬಂದದ್ದಲ್ಲ, ನೋಡುವವರು ದೂರವಾದದ್ದರಿಂದಲೂ ಬಂದದ್ದು ಅಂತ ನನಗೆ ಅನ್ನಿಸುತ್ತದೆ.

ಈಚೆಗೆ ಪರದೆಯ ಮೇಲೆ ಅರ್ಥ ಹಾಕುವ ರೂಢಿ ಬಂದಿದೆ, ಒಳ್ಳೆಯದೇ. ಒಂದು ಕಾರ್ಯಕ್ರಮದಲ್ಲಿ ಕೊನೆಯ ಹಾಡು ‘ಕುರು ಯದುನಂದನ’ ನಡೆಯುತ್ತಿತ್ತು. ಮಿಲನ ಮುಗಿದಿದೆ, ರಾಧೆ ಈಗ ಯಜಮಾನಿ. ಎದೆಯ ಮೇಲೆ ಕಸ್ತೂರಿಯಿಂದ ಚಿತ್ರ ಬರೆ, ಕಾಡಿಗೆ ಹಚ್ಚು, ಕೂದಲಿಗೆ ಹೂವು ಮುಡಿಸು ಅಂತ ಕೃಷ್ಣನಿಂದ ಕೆಲಸ ಮಾಡಿಸುತ್ತಾಳೆ. ಗಾಯಕಿ ‘ಪಯೋಧರೇ’, ಅಂದರೆ ಸ್ತನದ ಮೇಲೆ, ಅಂತ ಸ್ಪಷ್ಟವಾಗಿ, ಖುಷಿಯಿಂದ ಹಾಡುತ್ತಿದ್ದರು. ಪರದೆಯಲ್ಲಿ ‘ನನ್ನ ಹೃದಯದಲ್ಲಿ’ ಎಂದು ಬಂತು. ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಪರದೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ಜೊತೆಗೆ ಹಾಡುತ್ತಿದ್ದರು, ಎಂಟೂ ಚರಣ.