ಮೊದಲು ಬಂದ ದೋಣಿಗೆ ಕಪ್ ಯಾಕಿಲ್ಲ?

ಕೊಡಗಿನಲ್ಲಿ ಹ್ಯಾಂಡಿಕ್ಯಾಪ್ (ಪೈಪೋಟಿ ಸಮನಾಗಲಿ ಅಂತ ಕೊಡುವ ರಿಯಾಯಿತಿ) ಅಂದರೆ ಮೊದಲು ನೆನಪಾಗುವುದು ಗಾಲ್ಫ್. ತೋಟದ ಕೆಲಸ ಮುಗಿಸಿ ಆಡಲು ಹೋಗುವವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಸೇನೆಗೆ ಸೇರಿ, ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹಾಯಿದೋಣಿ ಕಲಿತ ಹುಡುಗರು ರಜೆಗೆ ಬಂದು ರೇಸಿನ ಲೆಕ್ಕ ಹೇಳಿದರೆ ಮನೆಯವರಿಗೆ ತಲೆಬುಡ ತಿಳಿಯುವುದಿಲ್ಲ. ಮೊದಲು ಗೆರೆ ದಾಟಿದವನು ಎರಡನೆಯವನು ಹೇಗಾದ?

ಗಾಲ್ಫಿನಲ್ಲಿ ರಿಯಾಯಿತಿ ಆಟಗಾರನಿಗೆ, ಇಲ್ಲಿ ದೋಣಿಗೆ. ಅಷ್ಟೇ ವ್ಯತ್ಯಾಸ.

19ನೇ ಶತಮಾನದಲ್ಲಿ ಯಾಟುಗಳ, ಅಂದರೆ ದೊಡ್ಡ ಹಾಯಿದೋಣಿಗಳ, ಗಾತ್ರ ನೋಡಿ ಸಮಯ ಬಿಟ್ಟುಕೊಡುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಪ್ಲೈವುಡ್ಡಿನ ಡಿಂಗಿಗಳು ಬಂದವು. ಒಬ್ಬಿಬ್ಬರು ಓಡಿಸುವ ಸಣ್ಣ ದೋಣಿಗಳು, ಒಂದೊಂದು ಒಂದೊಂದು ತರ. ಎಲ್ಲವನ್ನೂ ಒಟ್ಟಿಗೆ ಓಡಿಸುವುದು ಹೇಗೆ? ಇಂಗ್ಲೆಂಡಿನ ಪೋರ್ಟ್ಸ್‌ಮತ್ ಪಕ್ಕದ ಲ್ಯಾಂಗ್‌ಸ್ಟನ್ ಬಂದರಿನವರು ಅಳತೆಪಟ್ಟಿ ಬದಿಗಿಟ್ಟು, ರೇಸಿನಲ್ಲಿ ಯಾವ ದೋಣಿ ನಿಜಕ್ಕೂ ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ಬರೆದಿಟ್ಟು, ಅದರಿಂದ ಪ್ರತಿ ತರದ ದೋಣಿಗೂ ಒಂದು ನಂಬರ್ ಕೊಟ್ಟರು. ಅದೇ ಪೋರ್ಟ್ಸ್‌ಮತ್ ಯಾರ್ಡ್‌ಸ್ಟಿಕ್. ಈಗ ಅದನ್ನು ನೋಡಿಕೊಳ್ಳುವುದು ಬ್ರಿಟನ್ನಿನ ಹಾಯಿದೋಣಿ ಕ್ರೀಡೆಯ ಸಂಸ್ಥೆಯಾದ ರಾಯಲ್ ಯಾಟಿಂಗ್ ಅಸೋಸಿಯೇಷನ್.

ಲೆಕ್ಕ ಸುಲಭ. ಓಡಿದ ಸಮಯವನ್ನು ಸಾವಿರದಿಂದ ಗುಣಿಸಿ, ದೋಣಿಯ ನಂಬರಿನಿಂದ ಭಾಗಿಸಿ. ನಂಬರ್ ಜಾಸ್ತಿ ಇದ್ದಷ್ಟೂ ದೋಣಿ ನಿಧಾನ. ಲೇಸರ್, ಎಂಟರ್‌ಪ್ರೈಸ್ ಅಂತ ಎರಡು ತರದ ಡಿಂಗಿಗಳಿವೆ; ಲೇಸರ್‌ಗೆ 1100, ಎಂಟರ್‌ಪ್ರೈಸ್‌ಗೆ 1120 ಅಂತಿಟ್ಟುಕೊಳ್ಳಿ. ಲೇಸರ್ 55 ನಿಮಿಷಕ್ಕೆ ಬಂದರೆ ತಿದ್ದಿದ ಸಮಯ 50 ನಿಮಿಷ. ಎಂಟರ್‌ಪ್ರೈಸ್ 40 ಸೆಕೆಂಡು ತಡವಾಗಿ ಬಂದರೂ ಅದರದು 49 ನಿಮಿಷ 42 ಸೆಕೆಂಡು. ಗೆದ್ದಿದ್ದು ಅದೇ.

ತಕರಾರು ಶುರುವಾಗುವುದು ಗಾಳಿಯಿಂದ. ಗಾಳಿ ಜೋರಾದರೆ ಹಗುರ ದೋಣಿಗಳು ನೀರಿನಿಂದ ಅರ್ಧ ಮೇಲೆದ್ದು ಜಾರಿಕೊಂಡು ಹೋಗುತ್ತವೆ, ಭಾರದವು ನೀರು ಸೀಳಿಕೊಂಡೇ ಬರಬೇಕು, ಗಾಳಿ ಜೋರಿದ್ದರೂ ಇಲ್ಲದಿದ್ದರೂ ನಂಬರ್ ಮಾತ್ರ ಅದೇ. ನಮ್ಮ ಹಾರಂಗಿ ಹಿನ್ನೀರಿನ ದಡದಲ್ಲಿ ನಿಂತವರಿಗೆ ಗೊತ್ತು, ಗುಡ್ಡದ ಮರೆಯಲ್ಲಿ ಗಾಳಿ ಒಮ್ಮೆ ನುಗ್ಗುತ್ತದೆ, ಮರುಗಳಿಗೆ ಸತ್ತೇ ಹೋಗುತ್ತದೆ. ಬ್ರಿಟನ್ನಿನ ಕ್ಲಬ್ಬುಗಳ ರೇಸುಗಳಿಂದ ತೆಗೆದ ಸರಾಸರಿ ಇಂಥ ನೀರಿಗೆ ಹಾಗೇ ಹೊಂದುತ್ತದಾ? ಹೊಂದಲ್ಲ. ನಿಮ್ಮ ನೀರು, ನಿಮ್ಮ ಫಲಿತಾಂಶ ನೋಡಿ ನಂಬರ್ ತಿದ್ದಿಕೊಳ್ಳಿ ಅಂತ ಆ ಪದ್ಧತಿಯೇ ಕ್ಲಬ್ಬುಗಳಿಗೆ ಹೇಳುತ್ತದೆ. ಅದಕ್ಕೆ ಪ್ರತಿ ರೇಸಿನ ಸಮಯ ತಪ್ಪದೆ ಬರೆದಿಡಬೇಕು. ಬೇಸರದ ಕೆಲಸವೇ, ಆದರೆ ಅದನ್ನು ಬಿಟ್ಟು ಸುಮ್ನೆ ಪಟ್ಟಿ ನಕಲು ಮಾಡಿದರೆ ಚೆನ್ನಾಗಿ ಓಡಿಸಿದವರಿಗೆ ಅನ್ಯಾಯ ಅಲ್ವಾ?

ದಡದಲ್ಲಿ ನಿಂತವರಿಗೂ ಅರ್ಥವಾಗುವ ಇನ್ನೊಂದು ದಾರಿ ಇದೆ, ಪರ್ಸ್ಯೂಟ್ ರೇಸ್. ನಿಧಾನದ ದೋಣಿ ಮೊದಲು ಹೊರಡುತ್ತದೆ, ವೇಗದ್ದು ಕೊನೆಗೆ. ಹೊತ್ತು ಮುಗಿದಾಗ ಮುಂದಿರುವುದೇ ಗೆದ್ದಂತೆ. ಯಾವುದು ಎಷ್ಟು ನಿಮಿಷ ಮೊದಲು ಹೊರಡಬೇಕು ಅನ್ನುವುದಕ್ಕೆ ಮಾತ್ರ ಅಲ್ಲೂ ಅದೇ ನಂಬರ್ ಬೇಕು.