ಮಡಕೆಗೆ ಕುಂಬಾರ ಬೇಕು, ಜಗತ್ತಿಗೆ ಬೇಡವೇ?

ಪ್ರಶ್ನೆ: ಒಂದು ಸಣ್ಣ ಮಡಕೆ ಕೂಡ ತಾನಾಗಿ ಆಗುವುದಿಲ್ಲ, ಕುಂಬಾರ ಬೇಕು. ಹಾಗಿರುವಾಗ ಇಷ್ಟು ದೊಡ್ಡ ಜಗತ್ತು ಯಾರೂ ಮಾಡದೆ ಸುಮ್ನೆ ಆಗಿಬಿಟ್ಟಿತು ಎಂದು ನಾಸ್ತಿಕರು ಹೇಗೆ ಹೇಳುತ್ತಾರೆ?

ದೇವರ ಬಗ್ಗೆ ಚರ್ಚೆ ಶುರುವಾದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ಮಡಕೆಯ ಜಾಗದಲ್ಲಿ ಗಡಿಯಾರ ಇಡುತ್ತಾರೆ. ಗಡಿಯಾರವನ್ನು ಪ್ರಸಿದ್ಧಿಗೆ ತಂದವನು ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ, 1802ರಲ್ಲಿ. ಮಡಕೆ ಅದಕ್ಕಿಂತ ಸಾವಿರ ವರ್ಷಕ್ಕೂ ಹಳೆಯದು. ತರ್ಕಕ್ಕೆ ಹೆಸರಾದ ನ್ಯಾಯ ದರ್ಶನದವರು ಅದನ್ನು ಬೆಳೆಸಿದರು. 10ನೇ ಶತಮಾನದ ಆಸುಪಾಸಿನಲ್ಲಿದ್ದ ಮಿಥಿಲೆಯ ಉದಯನಾಚಾರ್ಯ ಅದಕ್ಕೆ ಬಿಗಿಯಾದ ರೂಪ ಕೊಟ್ಟ. ಅವನ ವಾದ ಹೀಗಿದೆ: ಮಡಕೆ ಒಂದು ಕಾಲಕ್ಕೆ ಇರಲಿಲ್ಲ, ಆಮೇಲೆ ಆಯಿತು. ಹಾಗೆ ಆದದ್ದಕ್ಕೆಲ್ಲ ಬುದ್ಧಿ ಇರುವ ಕರ್ತೃ ಬೇಕು. ಭೂಮಿ, ಬೆಟ್ಟ ಕೂಡ ಹಾಗೆ ಆದವೇ. ಆದ್ದರಿಂದ ಅವಕ್ಕೂ ಒಬ್ಬ ಕರ್ತೃ ಇದ್ದಾನೆ.

‘ಹಾಗಾದರೆ ದೇವರನ್ನು ಮಾಡಿದವರು ಯಾರು?’ ಎಂದು ಕೇಳಿ ಗೆದ್ದೆವು ಅಂದುಕೊಳ್ಳುವವರು ಬಹಳ. ಅಷ್ಟು ಸುಲಭವಿಲ್ಲ. ಉದಯನ ಎಲ್ಲದಕ್ಕೂ ಕರ್ತೃ ಬೇಕು ಅಂದಿಲ್ಲ, ಹೊಸದಾಗಿ ಆದದ್ದಕ್ಕೆ ಬೇಕು ಅಂದಿದ್ದಾನೆ. ಅವನ ದೇವರು ಯಾವತ್ತೂ ಇರುವವನು, ಹಾಗಾಗಿ ಆ ಪ್ರಶ್ನೆ ದೇವರಿಗೆ ತಾಗುವುದೇ ಇಲ್ಲ. ಆದರೆ ಇದರಲ್ಲೊಂದು ತೊಡಕಿದೆ. ನ್ಯಾಯದವರ ಪ್ರಕಾರ ಪರಮಾಣುಗಳೂ ಯಾವತ್ತೂ ಇರುವಂಥವು. ದೇವರು ಅವನ್ನು ಮಾಡಿಲ್ಲ, ಜೋಡಿಸಿದ್ದಾನೆ ಅಷ್ಟೆ. ಕುಂಬಾರನೂ ಮಣ್ಣನ್ನು ಮಾಡುವುದಿಲ್ಲ, ಅಲ್ವಾ? ಏನೂ ಇಲ್ಲದಿದ್ದಾಗ ಎಲ್ಲವನ್ನೂ ಸೃಷ್ಟಿಸಿದ ದೇವರು ಬೇಕು ಅನ್ನುವವರಿಗೆ ಮಡಕೆಯಿಂದ ಅವನು ಸಿಗುವುದಿಲ್ಲ.

ನಿಜವಾದ ಪೆಟ್ಟು ಕೊಟ್ಟವನು 7ನೇ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ. ಅವನು ಹುತ್ತದ ಕಡೆ ಕೈ ತೋರಿಸಿದ. ಮಡಕೆ ಮಣ್ಣಿನದು, ಕುಂಬಾರ ಮಾಡಿದ. ಹುತ್ತವೂ ಮಣ್ಣಿನದೇ. ಹಾಗಂತ ಅದನ್ನೂ ಕುಂಬಾರನೇ ಮಾಡಿದ ಅನ್ನೋಣವೇ? ಮಡಕೆ ಕಂಡ ಕೂಡಲೇ ಕುಂಬಾರನ ನೆನಪಾಗುವುದು ಕುಂಬಾರರು ಮಡಕೆ ಮಾಡುವುದನ್ನು ಜನ ನೋಡಿರುವುದರಿಂದ. ಬೆಟ್ಟ ಮಾಡುವವರನ್ನು ಯಾರೂ ನೋಡಿಲ್ಲ. ‘ಎರಡೂ ಆದವೇ’ ಎಂಬ ಒಂದೇ ಹೋಲಿಕೆ ಹಿಡಿದು ಮಡಕೆಯಿಂದ ಬೆಟ್ಟಕ್ಕೆ ಹಾರಲು ಬರುವುದಿಲ್ಲ. ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ ತನ್ನ ಪುಸ್ತಕವೊಂದರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ. ಆ ಪುಸ್ತಕ ಹೊರಬಂದದ್ದು 1779ರಲ್ಲಿ, ಅವನು ತೀರಿಕೊಂಡ ಮೂರು ವರ್ಷದ ಮೇಲೆ.

ದೇವರನ್ನು ಪ್ರಶ್ನಿಸುವುದು ಹೊರಗಿನಿಂದ ಬಂದ ಚಾಳಿ ಎನ್ನುವವರು ಒಮ್ಮೆ ಕಲಬುರಗಿ ಜಿಲ್ಲೆಯ ಮಳಖೇಡವನ್ನು ನೆನೆಯಬೇಕು. 9ನೇ ಶತಮಾನದಲ್ಲಿ ಅದು ರಾಷ್ಟ್ರಕೂಟ ಅಮೋಘವರ್ಷನ ರಾಜಧಾನಿ. ಅವನ ಗುರು ಜಿನಸೇನಾಚಾರ್ಯ. ಪಂಪ ತನ್ನ ಆದಿಪುರಾಣಕ್ಕೆ ಆಧಾರ ಮಾಡಿಕೊಂಡ ಸಂಸ್ಕೃತ ಕೃತಿ ಈ ಜಿನಸೇನನದೇ. ಅದರಲ್ಲಿ ಅವನು ಸೃಷ್ಟಿಕರ್ತನನ್ನು ಒಪ್ಪುವವರಿಗೆ ಒಂದರ ಹಿಂದೊಂದು ಪ್ರಶ್ನೆ ಹಾಕುತ್ತಾನೆ. ಜಗತ್ತು ಆಗುವ ಮೊದಲು ದೇವರು ಎಲ್ಲಿದ್ದ? ಸಾಮಗ್ರಿ ಎಲ್ಲಿಂದ ತಂದ? ಏನೂ ಕೊರತೆ ಇಲ್ಲದವನಿಗೆ ಮಾಡಬೇಕು ಅಂತ ಯಾಕೆ ಅನ್ನಿಸಿತು? ಆಟಕ್ಕೆ ಮಾಡಿದ ಎಂದರೆ ಅದು ತಿಳಿಗೇಡಿ ಮಗುವಿನ ಆಟವಾಯಿತು. ಜೈನರಿಗೆ ಜಗತ್ತು ಅನಾದಿ, ಅದನ್ನು ಮಾಡಿದವರೇ ಇಲ್ಲ.

ವೇದವೇ ಪ್ರಮಾಣ ಎಂದ ಮೀಮಾಂಸಕ ಕುಮಾರಿಲ ಭಟ್ಟನೂ ಇದೇ ಸಾಲಿಗೆ ಸೇರುತ್ತಾನೆ. ದೇವರು ಕರುಣೆಯಿಂದ ಸೃಷ್ಟಿಸಿದ ಅನ್ನುತ್ತೀರಾ? ಸೃಷ್ಟಿಗೆ ಮೊದಲು ಕರುಣೆ ತೋರಿಸಲು ಯಾರಿದ್ದರು? ಕರುಣೆಯೇ ಕಾರಣವಾಗಿದ್ದರೆ ಬರೀ ಸುಖವನ್ನೇ ಸೃಷ್ಟಿಸಬೇಕಿತ್ತಲ್ಲ? ಈ ಎರಡನೆಯ ಪ್ರಶ್ನೆಗೆ ಸಮಾಧಾನವಾಗುವ ಉತ್ತರ ನನಗಂತೂ ಈವರೆಗೆ ಸಿಕ್ಕಿಲ್ಲ.

ಇವರೆಲ್ಲ ವಾದದ ತೂತು ತೋರಿಸಿದರು ನಿಜ. ‘ಸರಿ, ಯಾರೂ ಮಾಡದಿದ್ದರೆ ಕಣ್ಣಿನಂಥ ಕಣ್ಣು ಹೇಗೆ ಆಯಿತು?’ ಎಂದು ಕೇಳಿದರೆ ಮಾತ್ರ ಅವರಲ್ಲಿ ಯಾರ ಬಳಿಯೂ ವಿವರ ಇರಲಿಲ್ಲ. ಪೇಲಿಯ ಬಲ ಇದ್ದದ್ದೇ ಅಲ್ಲಿ. ಅವನ ಪುಸ್ತಕಗಳನ್ನು ಕೇಂಬ್ರಿಡ್ಜಿನಲ್ಲಿ ಓದಿ ಮೆಚ್ಚಿದ ಹುಡುಗನೊಬ್ಬನೇ ಮುಂದೆ 1859ರಲ್ಲಿ ಉತ್ತರ ಕೊಟ್ಟ. ಅವನೇ ಡಾರ್ವಿನ್. ಚಪ್ಪಟೆ ಹುಳುವಿಗೆ ಬೆಳಕು, ಕತ್ತಲೆ ಗೊತ್ತಾಗುವಷ್ಟು ಮಾತ್ರದ ಕಣ್ಣು ಇದೆ. ಸಮುದ್ರದ ಚಿಪ್ಪುಜೀವಿ ನಾಟಿಲಸ್‌ಗೆ ಸೂಜಿರಂಧ್ರದ ಕಣ್ಣು, ಮಸೂರವೇ ಇಲ್ಲ. ಎರಡೂ ಕೆಲಸಕ್ಕೆ ಬರುತ್ತವೆ. ಸ್ವಲ್ಪ ಜಾಸ್ತಿ ಕಂಡ ಜೀವಿ ಸ್ವಲ್ಪ ಜಾಸ್ತಿ ಉಳಿಯುತ್ತದೆ, ಮರಿ ಹಾಕುತ್ತದೆ. ಸ್ವೀಡನ್ನಿನ ನಿಲ್ಸನ್ ಮತ್ತು ಪೆಲ್ಗರ್ 1994ರಲ್ಲಿ ಲೆಕ್ಕ ಹಾಕಿದರು. ಬೆಳಕು ತಿಳಿಯುವ ಚಪ್ಪಟೆ ಚರ್ಮದಿಂದ ಮೀನಿನಂಥ ಮಸೂರದ ಕಣ್ಣಿಗೆ ಬರಲು, ಬದಲಾವಣೆ ತೀರಾ ನಿಧಾನ ಅಂದುಕೊಂಡರೂ, 4 ಲಕ್ಷ ತಲೆಮಾರಿಗಿಂತ ಕಡಿಮೆ ಸಾಕು. ಹಾಗಾಗಿ ‘ಸುಮ್ನೆ ಆಗಿಬಿಟ್ಟಿತು’ ಎಂದು ಯಾರೂ ಹೇಳುತ್ತಿಲ್ಲ. ಜೀವಿಗಳಲ್ಲಿ ಆಗುವ ಸಣ್ಣ ಬದಲಾವಣೆ ಆಕಸ್ಮಿಕ. ಯಾವುದು ಉಳಿಯುತ್ತದೆ ಎಂಬುದು ಆಕಸ್ಮಿಕವಲ್ಲ.

ಜೀವಿಗಳ ಕಥೆ ಆಯಿತು, ವಿಶ್ವದ ಕಥೆ? ಸುಮಾರು 1380 ಕೋಟಿ ವರ್ಷದ ಹಿಂದಿನ ಮಹಾಸ್ಫೋಟವನ್ನೇ ಸೃಷ್ಟಿಯ ಸಾಕ್ಷಿ ಎಂದು ಕೆಲವರು ಹಿಡಿಯುತ್ತಾರೆ. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಹಾಗೆಯೇ ಮಾತಾಡಿದರು. ಅದು ಇಷ್ಟವಾಗದವರಲ್ಲಿ ಜಾರ್ಜ್ ಲೆಮೈತ್ರ್ ಒಬ್ಬರು. 1931ರಲ್ಲಿ ಆ ಸಿದ್ಧಾಂತದ ಮೊದಲ ರೂಪ ಮುಂದಿಟ್ಟವರು ಅವರೇ, ಮೇಲಾಗಿ ಕ್ಯಾಥೊಲಿಕ್ ಪಾದ್ರಿ. ದೇವರಿದ್ದಾನೋ ಇಲ್ಲವೋ ಎಂಬುದಕ್ಕೆ ಈ ಸಿದ್ಧಾಂತ ಸಂಬಂಧಪಟ್ಟದ್ದಲ್ಲ ಎಂಬುದು ಅವರ ನಿಲುವು. ಮಹಾಸ್ಫೋಟಕ್ಕೂ ಮೊದಲು ಏನಿತ್ತು, ‘ಮೊದಲು’ ಅನ್ನುವುದಕ್ಕೆ ಅಲ್ಲಿ ಅರ್ಥ ಇದೆಯೇ ಎಂಬುದು ಭೌತವಿಜ್ಞಾನದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾಗದ ಜಾಗದಲ್ಲಿ ದೇವರನ್ನು ಕೂರಿಸುವುದು ಭಕ್ತರಿಗೂ ಒಳ್ಳೆಯ ವ್ಯವಹಾರವಲ್ಲ. ನಾಳೆ ಲೆಕ್ಕ ಸಿಕ್ಕರೆ ಎಬ್ಬಿಸಬೇಕಾಗುತ್ತದೆ.

ಇದರಿಂದ ದೇವರಿಲ್ಲ ಎಂದು ಸಾಬೀತಾಯಿತಾ? ಇಲ್ಲ. ಬಿದ್ದದ್ದು ಒಂದು ವಾದ. ಅದು ಬೀಳಲಿಲ್ಲ ಎಂದೇ ಇಟ್ಟುಕೊಳ್ಳೋಣ. ಆಗಲೂ ನಮಗೆ ಸಿಗುವುದು ಜಗತ್ತನ್ನು ಜೋಡಿಸಿದ ಯಾರೋ. ಒಬ್ಬನೇ ಇರಬೇಕು ಅಂತಿಲ್ಲ, ಮನೆಯನ್ನು ಹತ್ತು ಜನ ಸೇರಿ ಕಟ್ಟುತ್ತಾರೆ. ಈಗಲೂ ಇರಬೇಕು ಅಂತಲೂ ಇಲ್ಲ, ಕುಂಬಾರ ತೀರಿಕೊಂಡ ಮೇಲೂ ಮಡಕೆ ಇರುತ್ತದೆ. ಹರಕೆ ಕೇಳಿಸಿಕೊಳ್ಳುವ, ಪಾಪ ಪುಣ್ಯದ ಲೆಕ್ಕ ಇಡುವ ದೇವರಿಗೆ ಬೇರೆಯೇ ವಾದ ಹುಡುಕಬೇಕಾಗುತ್ತದೆ.