ಮಣಿಕಟ್ಟಿಗೆ ಹಿಂಬಾಗಿಲು

ಸಣ್ಣ ತೂತು ಹಾಕಿ ಮಾಡುವ ಆಪರೇಶನ್ ಯಾವುದೇ ಇರಲಿ, ನಮ್ಮ ಜನ ಸುಮ್ನೆ 'ಲೇಸರ್' ಎಂದುಬಿಡುತ್ತಾರೆ. ಮಣಿಕಟ್ಟಿನ ಆರ್ತ್ರೋಸ್ಕೋಪಿಯಲ್ಲಿ, ಅಂದರೆ ಕೀಲಿನೊಳಗೆ ಕ್ಯಾಮೆರಾ ತೂರಿಸಿ ನೋಡುವ ಆಪರೇಶನ್‌ನಲ್ಲಿ, ಸಾಮಾನ್ಯವಾಗಿ ಲೇಸರ್‌ಗೆ ಕೆಲಸವೇ ಇಲ್ಲ. ಬೇಕಿರುವುದು ಎರಡು ಮಿಲಿಮೀಟರ್ ಆಸುಪಾಸಿನ ಕ್ಯಾಮೆರಾ ಕೊಳವೆ, ಜೊತೆಗೆ ಎಲ್ಲಿ ಚುಚ್ಚಬೇಕೆಂದು ಬಲ್ಲ ಬೆರಳು. ನನಗೆ ಬೆರಗು ಆ ಬೆರಳಿನದ್ದೇ.

ಅಂಗೈ ಕೆಳಗಾಗಿ ಕೈಯನ್ನು ಮೇಜಿನ ಮೇಲಿಡಿ. ಮಣಿಕಟ್ಟಿನ ಹಿಂಬದಿ ತಡವಿದರೆ, ಹೆಚ್ಚುಕಡಿಮೆ ನಡುಬೆರಳಿನ ನೇರಕ್ಕೆ, ಮೂಳೆಯ ಪುಟ್ಟ ಉಬ್ಬು ಸಿಗುತ್ತದೆ. ಅದಕ್ಕೆ ಲಿಸ್ಟರ್ ಹೆಸರಿದೆ. 1867ರಲ್ಲಿ ಕಾರ್ಬಾಲಿಕ್ ಆಮ್ಲ ಬಳಸಿ ಗಾಯ ಕೊಳೆಯದಂತೆ ತಡೆಯುವುದನ್ನು ವಿವರಿಸಿದ ಅದೇ ಬ್ರಿಟಿಷ್ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್. ಕೈಯನ್ನೇ ಕತ್ತರಿಸುವ ಬದಲು ಮಣಿಕಟ್ಟಿನ ಕೆಟ್ಟ ಮೂಳೆಯನ್ನಷ್ಟೇ ತೆಗೆಯುವ ಬಗ್ಗೆ ಆತ 1865ರಲ್ಲೇ ಬರೆದಿದ್ದ.

ಉಬ್ಬಿನಿಂದ ಬೆರಳುಗಳ ಕಡೆ ಒಂದು ಸೆಂಟಿಮೀಟರ್ ಜರುಗಿ. ಮೆತ್ತಗಿನ ತಗ್ಗು ಸಿಕ್ಕಿತಲ್ವಾ? ಕ್ಯಾಮೆರಾ ಒಳಹೋಗುವ ಮುಖ್ಯ ಬಾಗಿಲು ಅದೇ.

ಅಲ್ಲೇ ಯಾಕೆ? ಅಂಗೈ ಬದಿಯಲ್ಲಿ ದೊಡ್ಡ ನರ, ರಕ್ತನಾಳ, ಬೆರಳು ಮಡಚುವ ಸ್ನಾಯುರಜ್ಜುಗಳು (ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಗಳು) ಒತ್ತೊತ್ತಾಗಿವೆ. ಹಿಂಬದಿಯಲ್ಲಿ ಬೆರಳು, ಮಣಿಕಟ್ಟು ಚಾಚುವ ಸ್ನಾಯುರಜ್ಜುಗಳು ಆರು ಸುರಂಗಗಳಲ್ಲಿ ಸಾಗುತ್ತವೆ. ಮೂರನೆಯದು ಮತ್ತು ನಾಲ್ಕನೆಯದರ ನಡುವಿನ ಸಂದಿಯೇ ನಿಮ್ಮ ಬೆರಳಿನ ಕೆಳಗಿರುವ ತಗ್ಗು. ಹಾಗಾಗಿ ಆ ಬಾಗಿಲಿನ ಹೆಸರೂ '3-4'.

ಬಾಗಿಲೇನೋ ಸಿಕ್ಕಿತು, ಒಳಗೆ ಜಾಗವೇ ಇಲ್ಲ. ಬಲೆಯಂಥ ಬೆರಳುಚೀಲ ತೊಡಿಸಿ ಕೈಯನ್ನು ಮೇಲಕ್ಕೆ ತೂಗುಹಾಕುತ್ತಾರೆ. ಕೆಲವು ಕಿಲೋ ಸೆಳೆತಕ್ಕೆ ಕೀಲು ಬಾಯಿ ಬಿಡುತ್ತದೆ. ಸೂಜಿಯಿಂದ ಸಲೈನ್ ತುಂಬಿಸಿ ಉಬ್ಬಿಸುವುದೂ ಉಂಟು. ಕೀಲಿನ ಮೇಲ್ಮೈ ಅಂಗೈ ಕಡೆಗೆ ಹತ್ತು-ಹನ್ನೆರಡು ಡಿಗ್ರಿ ಇಳಿಜಾರು. ಸೂಜಿಯೂ ಅಷ್ಟೇ ಓರೆಯಾಗಿ ಹೋಗಬೇಕು, ಇಲ್ಲದಿದ್ದರೆ ಮೂಳೆಯ ತುದಿಗಿರುವ ನುಣುಪು ಹೊದಿಕೆಯನ್ನು (ಮೃದ್ವಸ್ಥಿ) ಗೀರುತ್ತದೆ. ಚಾಕು ಮುಟ್ಟುವುದು ಚರ್ಮವನ್ನಷ್ಟೇ. ಮುಂದಿನದೆಲ್ಲ ಮೊಂಡು ಇಕ್ಕಳದ ಕೆಲಸ, ಅದು ನರವನ್ನು ಕತ್ತರಿಸದೆ ಪಕ್ಕಕ್ಕೆ ಸರಿಸುತ್ತದೆ.

ಟೋಕಿಯೋದ ವೈದ್ಯ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಉಪಕರಣವನ್ನು ಹೆಣದ ಮೊಣಕಾಲಿಗೆ ತೂರಿಸಿ ನೋಡಿದರು. ಅವರ ಶಿಷ್ಯ ಮಸಾಕಿ ವತನಾಬೆ 1970ರ ಹೊತ್ತಿಗೆ 1.7 ಮಿಲಿಮೀಟರಿನ ಕೊಳವೆ ಮಾಡಿದ ಮೇಲೆಯೇ ಮಣಿಕಟ್ಟಿನಂಥ ಇಕ್ಕಟ್ಟಿನ ಕೀಲಿಗೆ ಇಣುಕಲು ದಾರಿಯಾಯಿತು.

ಬಿದ್ದು ಕೈಯೂರಿದ ಮೇಲೆ ಕಿರುಬೆರಳ ಬದಿಯ ನೋವು ತಿಂಗಳುಗಟ್ಟಲೆ ಹೋಗದಿದ್ದರೆ, ದಯವಿಟ್ಟು ಉಳುಕು ಎಂದು ಎಳೆಸಿಕೊಳ್ಳಬೇಡಿ. ಅಲ್ಲಿನ ತ್ರಿಕೋನಾಕಾರದ ಮೃದ್ವಸ್ಥಿ ಹರಿದಿರಬಹುದು, ಅದು ಎಕ್ಸ್‌ರೇಯಲ್ಲಿ ಕಾಣದು. ಇಂಥದೇ ಸಣ್ಣ ತೂತುಗಳಿಂದ ಅದನ್ನು ನೋಡಿ ಸರಿಪಡಿಸಬಹುದು. ಅಂಚು ಹರಿದಿದ್ದರೆ ಹೊಲಿಗೆ, ಅಲ್ಲಿಗೆ ರಕ್ತ ಹರಿಯುವುದರಿಂದ ಕೂಡಿಕೊಳ್ಳುತ್ತದೆ. ನಡುಭಾಗಕ್ಕೆ ರಕ್ತವಿಲ್ಲ, ಹಾಗಾಗಿ ಅಲ್ಲಿ ಸಡಿಲವಾದ ಚೂರನ್ನು ಸವರಿ ತೆಗೆಯುತ್ತಾರೆ.